ಗೌಡಸಾನಿಯ ಜಂಪರು

ನಮ್ಮೂರಿನ ಹೆಸರನ್ನು ನಾನು ಬರೆಯುವುದಿಲ್ಲ. ಔರಾದ ತಾಲೂಕಿನಲ್ಲಿದೆ, ಮಾಂಜ್ರಾ ನದಿ ಸೇರುವ ಒಂದು ಹಳ್ಳದ ದಂಡೆಯ ಮೇಲಿದೆ, ಅರ್ಧ ದಿನ ನಡೆದರೆ ಮರಾಠಿ ಸೀಮೆ ಹತ್ತುತ್ತದೆ, ಇಷ್ಟು ಸಾಕು. ಊರಿನ ಹೆಸರು ಪುಸ್ತಕದಲ್ಲಿ ಅಚ್ಚಾದರೆ ಅದು ಊರಿಗೆ ಮರ್ಯಾದೆ. ಆ ಮರ್ಯಾದೆಯನ್ನು ನನ್ನ ಕೈಯಾರೆ ಅದಕ್ಕೆ ಕೊಡಲಾರೆ. ಬೀದರಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕ್ಷಮೆಯ ಪಾಠ ಮಾಡಿದ್ದೇನೆ. ಪಾಠ ಮಾಡುವುದು ಬೇರೆ. ಆ ಊರನ್ನು, ಆ ಊರಿನ ಗೌಡರ ವಾಡೆಯನ್ನು ನಾನು ಕ್ಷಮಿಸಿಲ್ಲ. ಈ ವಯಸ್ಸಿಗೆ ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುತ್ತಾರೆ. ನನ್ನನ್ನು ಇಲ್ಲಿಯ ತನಕ ನಡೆಸಿಕೊಂಡು ಬಂದದ್ದೇ ಅದು ಎಂದು ಅವರಿಗೇನು ಗೊತ್ತು.

ನಮ್ಮದು ಅಗಸರ ಮನೆ. ಊರ ಕಡೆಯ ಮನೆ ಮುಗಿದು ಹಳ್ಳದ ಇಳಿಜಾರು ಶುರುವಾಗುವಲ್ಲಿ ಮಣ್ಣಿನ ಗೋಡೆಯ ಒಂದೂವರೆ ಖೋಲಿ. ಪೂರಾ ಖೋಲಿ ಊರವರ ಬಟ್ಟೆಗೆ, ಅರ್ಧ ಖೋಲಿ ನಮಗೆ. ಮಳೆ ಬಂದರೆ ಸೋರದ ಕಡೆ ಬಟ್ಟೆಯ ಗಂಟುಗಳು, ಸೋರುವ ಕಡೆ ನಮ್ಮ ಹಾಸಿಗೆ. ಹಿತ್ತಲಲ್ಲಿ ಉಬ್ಬೆಯ ಹಂಡೆ. ಸವಳು ಮಣ್ಣಿನ ನೀರಲ್ಲಿ ಅದ್ದಿದ ಬಟ್ಟೆಗಳನ್ನು ಅದರ ಮೇಲೆ ಗೋಪುರದಂತೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಬೆವರು, ತಲೆಯ ಎಣ್ಣೆ, ಹಸುಗೂಸಿನ ಉಚ್ಚೆ, ಎಲ್ಲದರ ಹಬೆ ನಮ್ಮ ಹಿಟ್ಟಿಗೂ ನನ್ನ ಪಾಟಿಚೀಲಕ್ಕೂ ಹತ್ತಿರುತ್ತಿತ್ತು. ಯಾವ ಮನೆಯಲ್ಲಿ ಯಾರು ಹಾಸಿಗೆ ಒದ್ದೆ ಮಾಡುತ್ತಾರೆ, ಯಾವ ಸೊಸೆ ಈ ತಿಂಗಳೂ ಹೊರಗಾದಳು, ಯಾವ ಗಂಡಸಿನ ಧೋತರಕ್ಕೆ ಬೇರೆ ಮನೆಯ ಕುಂಕುಮ ಹತ್ತಿದೆ ಎಂಬುದೆಲ್ಲ ನನ್ನ ಅವ್ವ ಮಾಣಿಕಮ್ಮನಿಗೆ ಗೊತ್ತಿರುತ್ತಿತ್ತು. ಅವಳು ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ನಾನು ಕೆದಕಿ ಕೇಳಿದರೆ ಒಂದೇ ಮಾತು.

"ಹೊಲಸು ಹಳ್ಳದಾಗ ಬಿಟ್ಟು ಬರಬೇಕು. ಬಾಯಾಗ ಹಿಡಕೊಂಡು ಬರಬಾರದು."

ಸಂಜೆಯಾದರೆ ಅವ್ವ ಒಂದು ಬುಟ್ಟಿ, ಜರ್ಮನ್ ಎನ್ನುವ ಒಂದು ಅಲ್ಯೂಮಿನಿಯಂ ಪಾತ್ರೆ ಹಿಡಿದು ಬಟ್ಟೆ ಒಗೆಯುವ ಮನೆಗಳಿಗೆಲ್ಲ ಹೋಗುತ್ತಿದ್ದಳು. ರೊಟ್ಟಿ ಬುಟ್ಟಿಗೆ, ಪಲ್ಯ ಪಾತ್ರೆಗೆ. ಒಬ್ಬರ ಪುಂಡಿಪಲ್ಯದ ಮೇಲೆ ಇನ್ನೊಬ್ಬರ ಬದನೆಕಾಯಿ, ಅದರ ಮೇಲೆ ಮತ್ತೊಬ್ಬರ ತೊಗರಿಬೇಳೆ. ಎಲ್ಲರೂ ಒಂದು ಮೊಳ ಎತ್ತರದಿಂದ ಹಾಕುವವರೇ. ರೊಟ್ಟಿಯ ಅಂಚು ನೋಡಿದರೆ ಯಾರ ಮನೆಯದೆಂದು ಹೇಳುತ್ತಿದ್ದೆ. ವಾಡೆಯದು ದಪ್ಪ, ಮಠದಯ್ಯನವರದು ತೆಳು, ಜಿಪುಣ ಸಾವಕಾರರದು ನಿನ್ನೆಯದು. ಬೇರೆಯವರ ಮನೆಯಲ್ಲಿ ದಿನಕ್ಕೆ ಒಂದೇ ಪಲ್ಯ, ನಮ್ಮಲ್ಲಿ ಹನ್ನೊಂದು ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೆ. ಹುಡುಗಿಯರು ನಕ್ಕರು. ಯಾಕೆ ನಗುತ್ತಾರೆಂದು ತಿಳಿಯದೆ ನಾನೂ ನಕ್ಕೆ. ಆ ನಗು ತಿಳಿದ ದಿನದಿಂದ ಇಂದಿನವರೆಗೆ ಎರಡು ಪಲ್ಯ ಒಂದಕ್ಕೊಂದು ತಾಗಿದ ತಟ್ಟೆ ನನ್ನ ಮುಂದೆ ಬಂದರೆ ಎದ್ದುಬಿಡುತ್ತೇನೆ.

ಅಪ್ಪ ಝರೆಪ್ಪ ನೀರಿಗೆ ಇಳಿಯುತ್ತಿರಲಿಲ್ಲ. ಅವನದು ಇಸ್ತ್ರಿ. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಅವನು ದೇವರ ಪೆಟ್ಟಿಗೆಯಂತೆ ಎತ್ತಿ ಇಡುತ್ತಿದ್ದ. ಮೈಲಿಗೆ ಬಟ್ಟೆ ಒಯ್ಯುವ ಅವ್ವ ವಾಡೆಯ ಹಿತ್ತಲಲ್ಲಿ ನಿಲ್ಲಬೇಕು. ಮಡಿ ಬಟ್ಟೆ ತರುವ ಅಪ್ಪ ಮುಂದಿನ ನಾಲ್ಕು ಮೆಟ್ಟಿಲು ಹತ್ತಿ ಪಡಸಾಲೆಯ ಅಂಚಿನ ತನಕ ಹೋಗಬಹುದು. ಅವನ ಸಂಪತ್ತೆಲ್ಲ ಆ ನಾಲ್ಕು ಮೆಟ್ಟಿಲು. ವಾಡೆ ಎಂದರೆ ಊರ ಗೌಡರ ಕಲ್ಲಿನ ಮನೆ. ಅದರ ಪಡಸಾಲೆಯಲ್ಲಿ ಶರಣರ ಪಟಗಳ ಸಾಲು. ಅದರಲ್ಲಿ ಒಬ್ಬ ಶರಣ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತವನು, ನಮ್ಮ ಕುಲದವನು. ಗೌಡರ ಹೆಂಡತಿ ಗೌಡಸಾನಿ ದಿನಾ ಮಿಂದು ಬಂದು ಆ ಪಟಕ್ಕೆ ಕೈಮುಗಿಯುತ್ತಿದ್ದಳು, ವಿಭೂತಿ ಹಚ್ಚುತ್ತಿದ್ದಳು. ಆಮೇಲೆ ಹಿತ್ತಲಿಗೆ ಬಂದು ಮೈಲಿಗೆಯನ್ನು ಅವ್ವನ ಕಾಲ ಬುಡಕ್ಕೆ ಎಸೆಯುತ್ತಿದ್ದಳು. ಒಮ್ಮೆ ಅಪ್ಪನ ಜೊತೆ ಮೆಟ್ಟಿಲ ತನಕ ಹೋದಾಗ ನಾನು ಆ ಪಟದತ್ತ ಬೆರಳು ಮಾಡಿ, "ಅಂವ ನಮ್ಮವನಲ್ರೀ ಅವ್ವಾರೆ?" ಎಂದು ಕೇಳಿದ್ದೆ. ಅಂದು ಸಂಜೆ ವಾಡೆಯ ಪಲ್ಯ ನಮ್ಮ ಪಾತ್ರೆಗೆ ಬೀಳಲಿಲ್ಲ.

ನಮ್ಮ ಕೆಳಗೂ ಜನ ಇದ್ದರು. ಊರವರೆಲ್ಲ ಹೊಲಗೇರಿ ಎನ್ನುತ್ತಿದ್ದ ಕೇರಿಯವರ ಬಟ್ಟೆಯನ್ನು ನಾವು ಒಗೆಯುತ್ತಿರಲಿಲ್ಲ. ಅವರ ಹೆಂಗಸರು ಹಳ್ಳದಲ್ಲಿ ನಮ್ಮ ಕಲ್ಲಿಗಿಂತ ಕೆಳಗೆ, ನಮ್ಮ ನೊರೆ ಹರಿದು ಹೋಗುವ ಕಡೆ ತಮ್ಮದನ್ನು ತಾವೇ ಒಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಅವರಲ್ಲಿ ಯಾರಾದರೂ ನಮ್ಮ ಬಾಗಿಲಿಗೆ ಬಂದು ನೀರು ಕೇಳಿದರೆ ನಾನು ತಂಬಿಗೆ ಎತ್ತಿ ಹಿಡಿದು ಅವರ ಬೊಗಸೆಗೆ ಸುರಿಯುತ್ತಿದ್ದೆ. ಒಂದು ಮೊಳ ಎತ್ತರದಿಂದಲೇ. ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಲಿಸಿದ್ದು ಗುರುತು ಹಾಕುವುದನ್ನು. ಅವ್ವನ ಕಣ್ಣು ಮಂಜಾಗುತ್ತ ಬಂದದ್ದರಿಂದ ಎಂಟನೆಯ ವರ್ಷಕ್ಕೇ ಆ ಕೆಲಸ ನನ್ನ ಪಾಲಿಗೆ ಬಂತು. ಹೊಸ ಬಟ್ಟೆ ಬಂದರೆ ಅದು ಯಾವ ಮನೆಯದೆಂದು ಮೂಲೆಯಲ್ಲಿ ಚುಕ್ಕೆ, ಗೆರೆ ಇಡಬೇಕು. ಅದಕ್ಕೆ ಕರಿಗೇರಿನ ಕಾಯಿ. ಗೋಡಂಬಿಯ ಗೇರಲ್ಲ, ಕಾಡಿನದು. ಮರಾಠಿಯವರು ಬಿಬ್ಬಾ ಎನ್ನುತ್ತಾರೆ. ಕಾಯನ್ನು ದೀಪಕ್ಕೆ ಹಿಡಿದು ಮುಳ್ಳಿನಿಂದ ಚುಚ್ಚಿದರೆ ಕಪ್ಪು ಎಣ್ಣೆ ಒಸರುತ್ತದೆ. ಅದರಿಂದ ಚುಕ್ಕೆ ಇಟ್ಟು ಕೂಡಲೇ ಮೇಲೆ ಸುಣ್ಣ ಮೆತ್ತಬೇಕು. ಸುಣ್ಣ ಬಿದ್ದರೆ ಗುರುತು ಬಟ್ಟೆ ಹರಿದರೂ ಹೋಗುವುದಿಲ್ಲ. ಸುಣ್ಣ ಹಾಕದ ಹಸಿ ಎಣ್ಣೆ ಮೈಗೆ ತಾಗಿದರೆ ಎರಡು ದಿನ ಬಿಟ್ಟು ಮೈ ಬೆಂದಂತೆ ಬೊಬ್ಬೆ ಏಳುತ್ತದೆ. ವಾಡೆಯ ಗುರುತು ಮೂರು ಚುಕ್ಕೆ, ಕೆಳಗೊಂದು ಗೆರೆ.

ನನಗೆ ಹತ್ತು ವರ್ಷವಾಗಿದ್ದಾಗಿನ ಮಾತು. ಅಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಹಳ್ಳಕ್ಕೆ ಹೋಗಿದ್ದೆ. ಅವ್ವ ಕಲ್ಲಿನ ಮೇಲೆ ವಾಡೆಯ ಬಟ್ಟೆ ಬಡಿಯುತ್ತಿದ್ದಳು. ಕೆಳಗಿನ ಮಡುವಿಗೆ ಕೇರಿಯ ಸೋಜರಬಾಯಿ ಒಂದು ಗಂಟು ಹಿಡಿದು ಇಳಿದಳು. ಅವಳು ಹಡೆದು ಹನ್ನೆರಡು ದಿನವಾಗಿತ್ತು, ಹೆಣ್ಣು ಕೂಸು. ಅತ್ತೆ ಇರಲಿಲ್ಲ, ಗಂಡ ವಾಡೆಯ ಹೊಲದ ಆಳು, ಹೊತ್ತು ಮುಳುಗದೆ ಅವನನ್ನು ಬಿಡುತ್ತಿರಲಿಲ್ಲ. ಅವಳು ನೀರಿಗೆ ಬಗ್ಗಿದಳು, ಹಾಗೇ ಕುಸಿದು ಕೂತಳು, ಮತ್ತೆ ಏಳಲಾಗಲಿಲ್ಲ. ನೀರು ಅವಳ ಸುತ್ತ ಕೆಂಪಾಯಿತು. ಅವ್ವ ಕೈಯಲ್ಲಿದ್ದ ಧೋತರ ಬಿಟ್ಟು ಇಳಿದು ಹೋದಳು, ಅವಳನ್ನು ತೋಳು ಹಿಡಿದು ದಂಡೆಗೆ ಎಳೆದು ಕೂರಿಸಿದಳು, ಗಂಟು ತೆಗೆದುಕೊಂಡಳು.

"ಬಿಡು ಯಕ್ಕಾ. ನೀ ಮುಟ್ಟಬಾರದು ಇದು."

"ವಾಡೇದ ಬಾಣಂತಿ ಬಟ್ಟಿ ಒಗದೀನಿ, ಮಠದವರ ಬಾಣಂತಿ ಬಟ್ಟಿ ಒಗದೀನಿ. ನಿಂದು ನನಗ ಯಾಕ ಭಾರ ಆಗ್ತದ? ಕೂಡು ಸುಮ್ಮ."

ಅವ್ವ ಅದನ್ನು ನಮ್ಮ ಕಲ್ಲಿನ ಮೇಲೇ ಒಗೆದಳು. ನನಗೆ ಹೇಸಿಗೆಯಾಯಿತು. ಇದೊಂದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಅವ್ವನ ಕೈ ನೋಡಿ ನನಗೆ ಹೇಸಿಗೆಯಾಯಿತು. ಅಷ್ಟರಲ್ಲಿ ಒಣಗಿದ ಬಟ್ಟೆ ಒಯ್ಯಲು ಅಪ್ಪ ಕತ್ತೆ ಹೊಡೆದುಕೊಂಡು ಬಂದ. ಕಲ್ಲು ನೋಡಿದ, ದಂಡೆಯಲ್ಲಿ ಕೂತವಳನ್ನು ನೋಡಿದ.

"ಇದೇನು?"

"ಬಾಣಂತಿ ಬಟ್ಟಿ."

"ನಮಗೂ ಒಂದು ಕುಲ ಅದ ಮಾಣಿಕಾ! ಊರಾಗ ಗೊತ್ತಾದ್ರ ನಾಳಿ ಯಾರು ನಮಗ ಬಟ್ಟಿ ಹಾಕ್ತಾರ?"

"ಯಾರಿಗೆ ಹ್ಯಾಂಗ ಗೊತ್ತಾಗ್ತದ? ಇಲ್ಲಿ ನಾವು ನಾಕು ಮಂದಿ ಬಿಟ್ರ ಮತ್ತ್ಯಾರದಾರ?"

ಅಪ್ಪ ಕತ್ತೆಗೆ ಹೇರು ಹೇರಿ ಹೋದ. ಸೋಜರಬಾಯಿಯ ಬಟ್ಟೆಗಳನ್ನು ಅವ್ವ ನಮ್ಮ ಹಿತ್ತಲ ಬೇಲಿಗೆ ಹರವಿದಳು, ನಾಳೆ ಒಣಗಿದ ಮೇಲೆ ಕೊಟ್ಟು ಬರುತ್ತೇನೆಂದು. ಸಂಜೆ ನಾನು ವಾಡೆಯ ದನದ ಕೊಟ್ಟಿಗೆಗೆ ಹೋದೆ. ಗೌಡಸಾನಿಯ ಕಿರಿ ಮಗಳು ಶೈಲಾ ನನ್ನ ಓರಗೆಯವಳು. ಮನೆಯೊಳಗೆ ನನ್ನನ್ನು ಬಿಡುತ್ತಿರಲಿಲ್ಲ, ಆದರೆ ಕೊಟ್ಟಿಗೆಯಲ್ಲಿ ನಾವಿಬ್ಬರೂ ಗಜ್ಜುಗ ಆಡುತ್ತಿದ್ದೆವು. ಮಧ್ಯಾಹ್ನದ ಹೇಸಿಗೆ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಯಾರಿಗೂ ಹೇಳಬ್ಯಾಡ ಶೈಲಾ. ಆಣಿ ಮಾಡು."

"ಲಿಂಗದಾಣಿ. ಯಾರಿಗೂ ಹೇಳಂಗಿಲ್ಲ."

ಮರುದಿನ ಬೆಳಗಾಗುತ್ತಲೇ ವಾಡೆಯ ಆಳು ಬಂದ. ಮೊದಲು ನಮ್ಮ ಬೇಲಿಯ ಮೇಲಿನ ಬಟ್ಟೆಗಳನ್ನು ಕೋಲಿನಿಂದ ಎತ್ತಿ ತಿಪ್ಪೆಗೆ ಎಸೆದ. ಆಮೇಲೆ ಅವ್ವನನ್ನು ಕರೆದ. ನಾನು ಅವಳ ಸೆರಗು ಹಿಡಿದು ಹೋದೆ, ಹಿಂದೆ ಅಪ್ಪ. ವಾಡೆಯ ಹಿತ್ತಲಲ್ಲಿ ಊರ ಹತ್ತೆಂಟು ಹೆಂಗಸರು ಮೊದಲೇ ನೆರೆದಿದ್ದರು. ಅವ್ವನನ್ನು ನಡುವೆ ಮೊಣಕಾಲೂರಿ ಕೂರಿಸಿದರು. ಗೌಡಸಾನಿ ಹಿತ್ತಲ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಆಕಳ ಗಂಜಲದ ಕೊಡ.

"ಹೊಲಗೇರಿ ಹೊಲಸು ತಂದು ನಮ್ಮ ಮೈಮ್ಯಾಲ ಹೊದಿಸ್ತಿಯೇನ?"

ಕೊಡ ಬಗ್ಗಿಸಿದಳು. ತಲೆ, ಕಣ್ಣು, ಬಾಯಿ, ಎದೆ. ಅವ್ವ ಕೆಮ್ಮಿದಳು. ಒರೆಸಿಕೊಳ್ಳಲು ಕೈ ಎತ್ತಿದರೆ, "ಕೈ ಕೆಳಗ!" ಎಂದು ಯಾರೋ ಗದರಿದರು. ಒಬ್ಬ ಹೆಂಗಸು ಕಿಸಕ್ಕೆಂದು ನಕ್ಕಳು. ಅವಳ ಹೊರಗಾದ ಬಟ್ಟೆಯನ್ನು ಅವ್ವ ಆ ವಾರವೇ ಒಗೆದು ಕೊಟ್ಟಿದ್ದಳು. ಅಪ್ಪ ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಸಿಕ್ಕಿಸಿ ನೆಲ ನೋಡುತ್ತ ನಿಂತಿದ್ದ.

"ಮಾಫ ಮಾಡ್ರಿ ಅವ್ವಾರೆ. ಹೆಣ್ಣು ಜಾತಿ, ಬುದ್ಧಿ ಇಲ್ಲ."

"ನೀ ನಿಯತ್ತಿನ ಮನಿಷ್ಯಾ ಅದಿ ಝರೆಪ್ಪ. ನಿನ್ನ ಮಾರಿ ನೋಡಿ ಬಿಟ್ಟೀನಿ. ನಿನ್ನೆ ಒಗದದ್ದೆಲ್ಲ ಮತ್ತ ಮೂರು ಸಲ ಒಗಿಸು. ಆ ಕಲ್ಲು ಕಿತ್ತಿ ಒಗಿ."

ತಲೆ ಎತ್ತಿ ನೋಡಿದೆ. ಮೇಲಿನ ಕಿಟಕಿಯಲ್ಲಿ ಶೈಲಾ ನಿಂತಿದ್ದಳು. ನನ್ನ ಕಣ್ಣು ತಾಗಿದ ಕೂಡಲೇ ಹಿಂದೆ ಸರಿದಳು. ಹೇಳಿದ್ದು ಅವಳೇ ಎಂದು ನನಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಅವಳಿಗೆ ಹೇಳಿದ್ದು ನಾನೇ ಎಂಬುದು ಅದರ ಹಿಂದೆಯೇ ಬಂತು. ತನ್ನ ಮೇಲಿನ ಸಿಟ್ಟನ್ನು ಏನು ಮಾಡಬೇಕೆಂದು ಹತ್ತು ವರ್ಷದ ಹುಡುಗಿಗೆ ತಿಳಿಯುವುದಿಲ್ಲ. ಇನ್ನೊಬ್ಬರ ಮೇಲಿನದಾದರೆ ದಾರಿ ಇದೆ.

ಅವ್ವ ಹಳ್ಳದಲ್ಲಿ ಮಿಂದು ಬಂದು ವಾಡೆಯ ಬಟ್ಟೆಗಳನ್ನು ಮೂರು ಸಲ ಒಗೆದಳು. ನಾಲ್ಕನೆಯ ದಿನ ಅಪ್ಪ ಇಸ್ತ್ರಿ ಮಾಡಿಟ್ಟ ಗಂಟನ್ನು ನಾನು ಬಿಚ್ಚಿದೆ. ಮೇಲೆ ಗೌಡಸಾನಿಯ ಬಿಳಿ ಜಂಪರು. ನಮ್ಮ ಕಡೆ ರವಿಕೆಗೆ ಹಾಗೆನ್ನುತ್ತೇವೆ. ಶ್ರಾವಣ ಸೋಮವಾರ ಮಠಕ್ಕೆ ಹೋಗಲು ಅವಳು ತೊಡುವುದು ಅದನ್ನೇ. ಅದರ ಕೆಳಗೆ ಶೈಲಾಳ ಹೂವಿನ ಫ್ರಾಕು. ಅವ್ವ ಹಳ್ಳಕ್ಕೆ ಹೋಗಿದ್ದಳು, ಅಪ್ಪ ಇದ್ದಿಲು ತರಲು. ದೀಪ ಹಚ್ಚಿ ಐದು ಕಾಯಿ ಬಿಸಿ ಮಾಡಿದೆ. ಜಂಪರನ್ನು ಒಳಮೈ ಮಾಡಿ ಬೆನ್ನು, ಕಂಕುಳು, ಎದೆಯ ಹೊಲಿಗೆಗಳ ಒಳಗಂಚಿಗೆಲ್ಲ, ಹೊರಗೆ ಕಾಣದ ಹಾಗೆ, ಮುಳ್ಳಿನಿಂದ ನಿಧಾನವಾಗಿ ಎಣ್ಣೆ ಎಳೆದೆ. ಸುಣ್ಣ ಮುಟ್ಟಲಿಲ್ಲ. ಫ್ರಾಕನ್ನು ಎತ್ತಿಕೊಂಡಾಗ ಕೈ ಒಂದು ಕ್ಷಣ ನಿಂತಿತು. ಆಣೆ ನೆನಪಾಯಿತು. ಕೊರಳ ಪಟ್ಟಿಗೆ ಎರಡು ಸಲ ಎಳೆದೆ.

ನನಗೆ ಭಯವಾಗಿತ್ತೇ ಎಂದು ನನ್ನ ಮಕ್ಕಳು ಕೇಳುತ್ತಾರೆ. ಇಲ್ಲ. ಅಷ್ಟು ಶಾಂತಿಯಿಂದ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಸೋಮವಾರ ತಾಯಿ, ಮಗಳು ಅವನ್ನು ತೊಟ್ಟರು. ಬುಧವಾರ ವಾಡೆಯಿಂದ ಚೀರುವ ದನಿ ನಮ್ಮ ಮನೆಯ ತನಕ ಕೇಳಿತು. ಗೌಡಸಾನಿಯ ಬೆನ್ನು, ಎದೆ ಉಬ್ಬಿ ನೀರು ತುಂಬಿದ ಬೊಬ್ಬೆಗಳೆದ್ದವು, ಶೈಲಾಳ ಕೊರಳು ಗಲ್ಲದ ತನಕ ಊದಿತು. ಔರಾದಿನಿಂದ ಡಾಕ್ಟರು ಬಂದು ಮುಲಾಮು ಕೊಟ್ಟರು, ಇಳಿಯಲಿಲ್ಲ. ಸ್ವಾಮಿಗಳ ಭಸ್ಮ ಹಚ್ಚಿದರು, ಇನ್ನಷ್ಟು ಉರಿಯಿತು. ನಾನು ಹನ್ನೊಂದು ಪಲ್ಯ ಕಲಸಿಕೊಂಡು ಹೊಟ್ಟೆ ತುಂಬ ಉಂಡೆ. ಎರಡು ದಿನದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದು ಬಲಗೈ ಹಿಡಿದು ನೋಡಿದಳು. ಹೆಬ್ಬೆರಳ ತುದಿಯಲ್ಲೂ ಒಂದು ಬೊಬ್ಬೆ ಎದ್ದಿತ್ತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಅವಳು ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಬಟ್ಟೆ ಸುತ್ತಿ, ಬಹಳ ಹೊತ್ತು ಬೆರಳು ಬಿಡದೆ ಕೂತಳು. ಆಮೇಲೆ ಎದ್ದು ಸೀರೆ ಝಾಡಿಸಿಕೊಂಡು, "ನಡಿ" ಎಂದಳು.

ವಾಡೆಯಲ್ಲಿ ಅಂದು ಅವಳನ್ನು ಯಾರೂ ತಡೆಯಲಿಲ್ಲ. ಗೌಡಸಾನಿ ಒಳಕೋಣೆಯಲ್ಲಿ ಬೋರಲು ಬಿದ್ದಿದ್ದಳು, ಬೆನ್ನ ಮೇಲೆ ಬಟ್ಟೆಯಿಲ್ಲ. ಅವ್ವ ಹೊಸ್ತಿಲಲ್ಲಿ ನಿಂತು ಆ ಬೆನ್ನನ್ನು ಕಣ್ತುಂಬ ನೋಡಿದಳು.

"ಇದಕ್ಕ ಡಾಕ್ಟರ್ ಔಷಧ ನಾಟಂಗಿಲ್ರಿ ಅವ್ವಾರೆ. ಬಾಣಂತಿ ಬಟ್ಟಿ ತಿಪ್ಪಿಗೆ ಒಗಿಸಿದ್ರಲ್ರಿ. ಬಾಣಂತಿ ತಾಪ ಹತ್ತ್ಯದ."

"ಏನು ಮಾಡಬೇಕ ಹೇಳ ಮಾಣಿಕಮ್ಮ. ಸಾಯ್ತೀನಿ ನಾ."

"ಎಳ್ಳು ಅರದು ಹಚ್ಚಬೇಕ್ರಿ. ನೀರಾಗ ಅಲ್ಲ, ಬಾಣಂತಿ ಎದಿಹಾಲಾಗ."

"ಯಾವ ಬಾಣಂತಿ?"

"ಊರಾಗ ಈಗ ಬಾಣಂತಿ ಒಬ್ಬಾಕಿನೇ ಅದಾಳ್ರಿ."

ಎಳ್ಳು ಹಚ್ಚಿದರೆ ಗೇರಿನ ಉರಿ ಇಳಿಯುತ್ತದೆ ಎಂಬುದು ನಿಜ, ಅದು ಅಗಸರ ಮನೆಯ ಔಷಧವೇ. ಆಕಳ ಹಾಲಿನಲ್ಲಿ ಅರೆದರೂ ಸಾಕು, ಅವ್ವ ಯಾವಾಗಲೂ ಹಾಗೇ ಮಾಡುತ್ತಿದ್ದದ್ದು. ಅದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಗೌಡಸಾನಿ ಹಾಸಿಗೆಗೆ ಮುಖ ಒತ್ತಿ ಬಹಳ ಹೊತ್ತು ನರಳಿದಳು. ಕಡೆಗೆ, ಯಾರಿಗೂ ತಿಳಿಯದಂತೆ ಒಂದು ಬಟ್ಟಲಲ್ಲಿ ತಾ ಎಂದಳು.

ಅವ್ವ ನೇರವಾಗಿ ಕೇರಿಗೆ ಹೋದಳು. ಸೋಜರಬಾಯಿ ಕೂಸಿಗೆ ಹಾಲೂಡುತ್ತ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ವಾಡೆಯಲ್ಲಿ ನಡೆದ ಮಾತನ್ನೆಲ್ಲ ಕೇಳಿದಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.

"ಬಟ್ಟಲದಾಗ ಕೊಡಂಗಿಲ್ಲ ಯಕ್ಕಾ. ನಾ ಆಕಳ ಅಲ್ಲ. ಬೇಕಂದ್ರ ನಾನೇ ಬರ್ತೀನಿ. ಹಿತ್ತಲದಾಗಿಂದ ಬರಂಗಿಲ್ಲ, ಮುಂದಿನ ಬಾಗಿಲಿಂದ. ಹಗಲಿನಾಗ."

ಅವ್ವನ ಲೆಕ್ಕದಲ್ಲಿ ಇದು ಇರಲಿಲ್ಲ. "ಮುಂದ ಸುಮ್ಮ ಬಿಡಂಗಿಲ್ಲ ಅವರು, ಸೋಜರಾ," ಎಂದಳು.

"ಇಲ್ಲಿತನ ಏನು ಸುಮ್ಮ ಬಿಟ್ಟಾರ?"

ಮಾತು ವಾಡೆಗೆ ಹೋಯಿತು. ಗೌಡರು ಕೆಂಡವಾದರು. ಒಳಗಿನಿಂದ ಗೌಡಸಾನಿಯೇ ಕೂಗಿದಳು, "ಬರಲಿ, ಬರಲಿ ಅಕಿ!" ಮರುದಿನ ಹೊತ್ತು ನೆತ್ತಿಗೇರಿದಾಗ ಸೋಜರಬಾಯಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಕೂಸನ್ನು ಎತ್ತಿಕೊಂಡು ಊರ ನಡು ಓಣಿಯಲ್ಲಿ ಬಂದಳು. ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತರು, ಮರ್ಯಾದೆಗಲ್ಲ, ದಿಗಿಲಿಗೆ. ಅವಳು ಚಪ್ಪಲಿ ಕಳಚಲಿಲ್ಲ. ಕಾಲಲ್ಲಿ ಇರಲೇ ಇಲ್ಲ. ವಾಡೆಯ ಮುಂಬಾಗಿಲು, ಅಪ್ಪನ ನಾಲ್ಕು ಮೆಟ್ಟಿಲು, ಪಡಸಾಲೆ, ಪಟಗಳ ಸಾಲು, ಎಲ್ಲ ದಾಟಿ ಒಳಕೋಣೆಗೆ ಹೋಗಿ ಗೌಡಸಾನಿಯ ಮಂಚದ ಮೇಲೆಯೇ ಕೂತಳು. ಎಳ್ಳು ಹರವಿದ ಅರೆಯುವ ಕಲ್ಲಿಗೆ ಹಾಲು ಹಿಂಡಿದಳು. ಅವ್ವ ಅರೆದಳು. ಸೋಜರಬಾಯಿ ತನ್ನ ಕೈಯಿಂದಲೇ ಆ ಬೆನ್ನಿಗೆ ಮೆತ್ತಿದಳು. ಮುಟ್ಟಿದ ಕೂಡಲೇ ಗೌಡಸಾನಿ ನಡುಗಿದಳು; ಆಮೇಲೆ ತಂಪಾಯಿತೇನೋ, ನಿಟ್ಟುಸಿರು ಬಿಟ್ಟಳು. ಐದು ದಿನ ಹೀಗೆ. ಶೈಲಾಳ ಕೊರಳಿಗೂ ಅದನ್ನೇ ಹಚ್ಚಿದರು. ನಾನು ಐದೂ ದಿನ ಹೊಸ್ತಿಲ ಮೇಲೆ ಕೂತು ನೋಡಿದೆ. ಶೈಲಾ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ತಿರುಗಲಿ, ನಾನು ನಗುವುದನ್ನು ನೋಡಲಿ ಎಂದು ಕಾದಿದ್ದೆ.

ಬೊಬ್ಬೆ ಒಣಗಿ ಚರ್ಮ ಬಂದ ಮೇಲೆ ವಾಡೆಗೆ ಸಿಟ್ಟು ಬಂತು. ಊರಲ್ಲಿ ಯಾರೂ ನಮಗೆ ಬಟ್ಟೆ ಹಾಕಕೂಡದೆಂದು ಡಂಗುರವಾಯಿತು. ನಾವು ಬಟ್ಟೆ ಒಣಹಾಕುತ್ತಿದ್ದ ಬಯಲನ್ನು ಒಂದೇ ದಿನದಲ್ಲಿ ಉತ್ತುಬಿಟ್ಟರು. ಸಂಜೆಯ ಬುಟ್ಟಿ ಖಾಲಿ ಬಂತು. ಸೋಜರಬಾಯಿಯ ಗಂಡನನ್ನು ಹೊಲದಲ್ಲಿ ಕಟ್ಟಿ ಹೊಡೆದು, ಗುಡಿಸಲಿಗೆ ಬೆಂಕಿ ಇಟ್ಟರು. ಅವರು ಕೂಸು ಕಟ್ಟಿಕೊಂಡು ಹೈದರಾಬಾದಿನ ಕಡೆ ಹೋದರೆಂದು ಸುದ್ದಿ. ಮತ್ತೆ ನಾನು ಅವಳನ್ನು ನೋಡಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಹೊಸ ಹುಡುಗಿಯರ ದಾಖಲಾತಿ ಮಾಡುವಾಗೆಲ್ಲ ತಾಯಿಯ ಹೆಸರಿನ ಕಾಲಂ ಮೇಲೆ ನನ್ನ ಕಣ್ಣು ಹೋಗುತ್ತಿತ್ತು. ನನ್ನ ಸೇಡಿಗೆ ಎಲ್ಲರಿಗಿಂತ ಹೆಚ್ಚು ತೆತ್ತವಳು ಅವಳು, ಆ ಸೇಡಿನ ಸುದ್ದಿ ಕೂಡ ಅವಳಿಗೆ ಗೊತ್ತಿರಲಿಲ್ಲ.

ನಾವು ಭಾಲ್ಕಿಗೆ ಬಂದೆವು. ಅಲ್ಲಿ ಮೂರು ಕಡೆ ಮನೆ ಕೇಳಿದಾಗ ಮೂವರೂ ಮೊದಲು ಕೇಳಿದ್ದು, "ಯಾವ ಮಂದಿ?" ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ವರ್ಷ ಕಳೆದು ಬೀದರಿಗೆ ಹೋದೆವು. ಚೌಬಾರ ಗೋಪುರದ ಹಿಂದಿನ ಗಲ್ಲಿಯಲ್ಲಿ ಸಾಬರ ಮುದುಕಿಯೊಬ್ಬಳು ಏನೂ ಕೇಳದೆ ಖೋಲಿ ಕೊಟ್ಟಳು. ಅಲ್ಲಿ ಅಪ್ಪ ಇಸ್ತ್ರಿ ಅಂಗಡಿ ಇಟ್ಟ, ಅವ್ವ ಆಸ್ಪತ್ರೆಯ ಬಟ್ಟೆ ಒಗೆದಳು, ನಾನು ಓದಿದೆ. ಹಟದಿಂದ ಓದಿದೆ. ಪ್ರತಿ ಪರೀಕ್ಷೆಯಲ್ಲೂ ನನ್ನ ಎದುರು ಶೈಲಾ ಕೂತಿದ್ದಾಳೆಂದುಕೊಂಡು ಬರೆದೆ. ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ಅವ್ವ ನನ್ನ ಜೊತೆ ಇದ್ದಾಳೆ. ಕಣ್ಣು ಪೂರಾ ಹೋಗಿದೆ, ಕಿವಿ ಚುರುಕಾಗಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನರೆತ ಕೂದಲು, ಕೈಯಲ್ಲಿ ಪೇಢೆಯ ಪೊಟ್ಟಣ. ಗುರುತು ಸಿಗಲಿಲ್ಲ. ಅವಳು ಸೆರಗು ಸರಿಸಿದಳು. ಕೊರಳ ಸುತ್ತ ಕಪ್ಪು ಪಟ್ಟಿ, ಸುಟ್ಟ ಚರ್ಮದಂತೆ. ಶೈಲಾ. ಭಾಲ್ಕಿಗೆ ಮದುವೆಯಾಗಿ ಹೋಗಿದ್ದವಳು ಈಗ ಮೊಮ್ಮಕ್ಕಳ ಶಾಲೆಗೆಂದು ಬೀದರಿನಲ್ಲಿ ಮನೆ ಮಾಡಿದ್ದಾಳಂತೆ. ನನ್ನದೊಂದು ಲೇಖನ ನೋಡಿ ವಿಳಾಸ ಹುಡುಕಿಸಿದಳಂತೆ. ಕೂರಲು ಹೇಳಿದೆ. ಚಹಾ ಮಾಡಿ ಕೊಟ್ಟೆ.

"ಇದು ನೀ ಹಚ್ಚಿದ್ದು ಅಂತ ನನಗ ಆವತ್ತೇ ಗೊತ್ತಿತ್ತು ಇಂದ್ರಾ. ನಿನ್ನ ಬೆರಳಿಗಿ ಬಟ್ಟಿ ಸುತ್ತಿದ್ದು ನೋಡಿದ್ದೆ. ಯಾರಿಗೂ ಹೇಳಲಿಲ್ಲ."

"ಆವತ್ತು ಹೇಳಿದ್ದಿಲ್ಲ, ಖರೆ. ಅದರ ಮುಂಚೆ ಹೇಳಿದ್ದಿ."

"ಏನು?"

"ನಮ್ಮವ್ವ ಸೋಜರಬಾಯಿ ಬಟ್ಟಿ ಒಗದದ್ದು. ಲಿಂಗದಾಣಿ ಮಾಡಿ, ಹೋಗಿ ನಿಮ್ಮವ್ವಗ ಹೇಳಿದ್ದಿ."

ಶೈಲಾ ಚಹಾದ ಬಟ್ಟಲು ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರಿ ಬೆರಗಿತ್ತು.

"ನಾ ಹೇಳಿಲ್ಲ. ನೀ ನನಗ ಹೇಳೂಕಿಂತ ಮುಂಚೇನೇ ನಮ್ಮವ್ವಗ ಗೊತ್ತಿತ್ತು. ನಿಮ್ಮಪ್ಪನೇ ಹಳ್ಳದಿಂದ ಸೀದಾ ಬಂದು ಪಡಸಾಲಿ ಮೆಟ್ಟಿಲಮ್ಯಾಲ ನಿಂತು ಹೇಳ್ಯಾನ. ಯಾರರೆ ಹೇಳೂಕಿಂತ ಮುಂಚೆ ನಾನೇ ಹೇಳ್ತೀನ್ರಿ ಅವ್ವಾರೆ, ನಂದೇನೂ ತಪ್ಪಿಲ್ಲ ಅಂತ. ನಾ ಅಲ್ಲೇ ಇದ್ದೆ. ನೀ ಸಂಜಿಗಿ ಬಂದು ಆಣಿ ಹಾಕಿಸಿಕೊಂಡಾಗ ನಿನಗ ಹ್ಯಾಂಗ ಹೇಳಲಿ ಅಂತ ತಿಳೀಲಿಲ್ಲ."

ನಂಬಬಾರದೆಂದುಕೊಂಡೆ. ವಾಡೆಯವರ ಮಾತು. ಆದರೆ ಅವಳು ಅಳಲಿಲ್ಲ, ಕ್ಷಮೆ ಕೇಳಲೂ ಇಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ಚಹಾ ಮುಗಿಸಿ, ಸೆರಗನ್ನು ಕೊರಳ ಸುತ್ತ ಮತ್ತೆ ಬಿಗಿಯಾಗಿ ಹೊದ್ದು ಹೊರಟಳು. ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಅವಳ ತಾಯಿ ನನ್ನ ಅವ್ವನ ತಲೆಯ ಮೇಲೆ ಕೊಡ ಬಗ್ಗಿಸಿದ್ದು ಸುಳ್ಳೇನಲ್ಲವಲ್ಲ.

ಅವ್ವ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ನೋಡಿದ ಕೂಡಲೇ ತಿಳಿಯಿತು.

"ಖರೆ ಏನವ್ವಾ? ಅಪ್ಪನೇ?"

"ಹೂಂ."

"ನಿನಗ ಯಾವಾಗ ಗೊತ್ತಾಯ್ತು?"

"ಆವತ್ತೇ. ಅಕಿ ಅಂವಗ ನಿಯತ್ತಿನ ಮನಿಷ್ಯಾ ಅಂದಳಲ್ಲ, ಆವಾಗ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಬೇರೆಯವಳೊಬ್ಬಳ ಕೊರಳನ್ನು ನೆನೆನೆನೆದು ತೃಪ್ತಿಪಟ್ಟಿದ್ದೇನೆ. ನಮ್ಮ ಅರ್ಧ ಖೋಲಿಯಲ್ಲೇ, ನನ್ನ ಪಕ್ಕದ ಚಾಪೆಯಲ್ಲೇ ಮಲಗಿದ್ದವನ ಕಾಲು ಒತ್ತಿದ್ದೇನೆ, ಕೊನೆಗಾಲದಲ್ಲಿ ಬಾಯಿಗೆ ನೀರು ಬಿಟ್ಟಿದ್ದೇನೆ.

"ಗೊತ್ತಿದ್ದು ಸುಮ್ಮ ಇದ್ದೆಲ್ಲವ್ವಾ! ಬಾಯಿ ಬಿಡಲಿಲ್ಲ, ಜಗಳ ಆಡಲಿಲ್ಲ. ಎಲ್ಲಾ ನುಂಗಿಕೊಂಡು ಅಂವನ ಸಂಸಾರ ಮಾಡಿದೆಲ್ಲಾ!"

ಅವ್ವ ಕುರುಡು ಕಣ್ಣುಗಳನ್ನು ನನ್ನ ದನಿಯ ಕಡೆ ತಿರುಗಿಸಿದಳು.

"ಆವತ್ತಿಂದ ಅಂವ ಸಾಯೂತನ ಅಂವನ ತಾಟಿಗಿ ನಾ ಒಂದು ತುತ್ತು ನೀಡಿಲ್ಲ. ದಿನಾ ನಿನ್ನ ಕೈಲೇ ನೀಡಿಸೀನಿ. ನೀ ಮದುವಿಯಾಗಿ ಹೋದ ಮ್ಯಾಲ ತಾನೇ ಹಾಕ್ಕೊಂಡು ತಿಂದಾನ. ನಿನಗ ತಿಳೀಲಿಲ್ಲೇನು?"

ನನಗೆ ತಿಳಿದಿರಲಿಲ್ಲ. ಭಾಲ್ಕಿಯ ತಗಡಿನ ಶೆಡ್ಡಿನಲ್ಲಿ, ಚೌಬಾರದ ಖೋಲಿಯಲ್ಲಿ, ಊಟದ ಹೊತ್ತಿಗೆ ಅವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತ, "ಇಂದ್ರಾ, ನಿಮ್ಮಪ್ಪಗ ನೀಡು," ಎನ್ನುತ್ತಿದ್ದಳು. ನಾನು ಪುಸ್ತಕ ಬಿಟ್ಟು ಗೊಣಗುತ್ತ ಏಳುತ್ತಿದ್ದೆ. ಮಗಳ ಕೆಲಸ ಇದು ಎಂದುಕೊಂಡಿದ್ದೆ. ಜ್ವರ ಬಂದು ನಾನು ಮಲಗಿದ ದಿನಗಳಲ್ಲಿ ಅಪ್ಪ ಖಾಲಿ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿರುತ್ತಿದ್ದ. ಒಲೆಯ ಕಡೆ ನೋಡುತ್ತಿದ್ದ. ಆಮೇಲೆ ತಾನೇ ಎದ್ದು ಬುಟ್ಟಿಗೆ ಕೈ ಹಾಕುತ್ತಿದ್ದ. ಒಮ್ಮೆಯೂ ಯಾಕೆಂದು ಕೇಳಲಿಲ್ಲ.

"ಅಂವಗ ಗೊತ್ತಿತ್ತೇನವ್ವಾ, ನೀ ಯಾಕ ನೀಡಂಗಿಲ್ಲ ಅಂತ?"

ಅವ್ವ ಕಾಲು ಚಾಚಿ, ಮೊಣಕಾಲು ನೀವಿಕೊಂಡಳು.

"ದಿನಾ ಎರಡು ಹೊತ್ತು ಗೊತ್ತಾಗ್ತಿತ್ತು."